ಕೆಟಲ್ ಕುದಿಯುವವರೆಗೆ

ಸಿಗ್ನೆಟ್, ಟಾಸ್ಮೇನಿಯಾ
೧೯ ಜುಲೈ ೨೦೧೮

ಟೂಲಾ,

ಕಾಗದ ನೋಡಿ ಹುಬ್ಬೇರಿಸಬೇಡ. ಫೋನು ಮಾಡಿದರೆ ನೀನು ಮಾತಿನಲ್ಲಿ ನನ್ನನ್ನು ಸೋಲಿಸುತ್ತೀಯ. ಇ-ಮೇಲ್ ಬರೆದರೆ ಬೇಕಾದಲ್ಲಿ ಕತ್ತರಿಸಿ ಬೇಕಾದಲ್ಲಿ ಅಂಟಿಸುತ್ತೀಯ, ಅದು ನಿನ್ನ ಕಸುಬು. ಕೈಬರಹವನ್ನು ಹಾಗೆ ಮಾಡುವುದು ಸ್ವಲ್ಪ ಕಷ್ಟ.

ಇಲ್ಲಿ ನಾನು ಅಂಗವಿಕಲರ ಆರೈಕೆಯ ತರಬೇತಿಗೆ ಸೇರಿದ್ದೇನೆ. ಬೆಳಗ್ಗೆ ಬೇಕರಿ, ಮಧ್ಯಾಹ್ನ ತರಗತಿ. ನಿನ್ನೆಯ ಪಾಠ ಒಪ್ಪಿಗೆಯ ಬಗ್ಗೆ. ಒಬ್ಬರಿಗೆ ಸ್ನಾನ ಮಾಡಿಸುವ ಮೊದಲು ಹೇಗೆ ಕೇಳಬೇಕು, ಬೇಡವೆಂದರೆ ಏನು ಮಾಡಬೇಕು ಎಂದು. ಪಾಠ ಹೇಳುವಾಕೆ ಬೆವರ್ಲಿ, ಅರವತ್ತು ದಾಟಿದ ನಿವೃತ್ತ ನರ್ಸು. ಪರದೆ ಇಳಿಸಿ, "ಇದು ದೊಡ್ಡೋರ ಸಿನಿಮಾದ ಒಂದು ತುಣುಕು. ಹೆಂಗಸರೇ ತೆಗೆದಿದ್ದು. ಗಾಬರಿ ಬೀಳ್ಬೇಡಿ, ಈ ತುಣುಕಲ್ಲಿ ಯಾರೂ ಬಟ್ಟೆ ಬಿಚ್ಚಲ್ಲ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಪರದೆಯ ಮೇಲೆ ನಾನೇ ಬಂದೆ.

ಹಸಿರು ನಿಲುವಂಗಿ, ಕೆಂಪು ಬಣ್ಣ ಹಚ್ಚಿದ ಉದ್ದ ಕೂದಲು. ಈಗ ನನ್ನದು ಗಂಡುಹುಡುಗರ ಕ್ರಾಪು, ಅದೂ ಅರ್ಧ ನರೆತದ್ದು. ಯಾರಿಗೂ ಗುರುತು ಹತ್ತಲಿಲ್ಲ. ಪರದೆಯಲ್ಲಿ ನಾನು "ಸಾಕು" ಎನ್ನುತ್ತೇನೆ. ಜೊತೆಗೆ ನಟಿಸುತ್ತಿದ್ದ ಜಾರ್ವಿಸ್ ತಕ್ಷಣ ಹಿಂದೆ ಸರಿಯುತ್ತಾನೆ. ಕೆಟಲಿನ ಗುಂಡಿ ಒತ್ತುವ ಒಂದು ಕೈ. ಸೆಲ್ಲೋ ಸಂಗೀತ. ಮಗ್ಗು ಹಿಡಿದು ಕಿಟಕಿ ಪಕ್ಕ ಕೂತ ನಾನು ತಲೆ ಎತ್ತಿ ಯಾರನ್ನೋ ನೋಡಿ ಹೂಂ ಎಂದು ತಲೆಯಾಡಿಸುತ್ತೇನೆ. ಬೆವರ್ಲಿ ಅಲ್ಲಿಗೆ ನಿಲ್ಲಿಸಿ, "ನೋಡಿ, ಒಪ್ಪಿಗೆ ಅಂದ್ರೆ ಇದು. ಅವಳು ಸಾಕು ಅಂದ್ಲು, ಇವ್ರು ಕಾದ್ರು, ಅವಳೇ ಮತ್ತೆ ಹೂಂ ಅಂದ್ಲು. ಆಮೇಲೆ ಮುಂದುವರೀತಾರೆ" ಎಂದಳು.

ಟೂಲಾ, ನಾವು ಮುಂದುವರಿಯಲಿಲ್ಲ. ಆ ದಿನ ನಾನು ಚಹಾ ಕುಡಿದು, ಕೋಟು ಹಾಕಿಕೊಂಡು, ಟ್ರ್ಯಾಮ್ ಹತ್ತಿ ಮನೆಗೆ ಹೋದೆ.

ಸಿನಿಮಾ ಸಿದ್ಧವಾದಾಗ ನೋಡಲು ಬಾ ಎಂದು ನೀನು ಮೂರು ಸಲ ಕರೆದದ್ದು ನಿಜ. ನನ್ನನ್ನು ನಾನು ಪರದೆಯ ಮೇಲೆ ನೋಡಲಾರೆ, ನಿನ್ನ ಮೇಲೆ ನಂಬಿಕೆಯಿದೆ ಎಂದು ನೋಡದೆಯೇ ಸಹಿ ಹಾಕಿದೆ. ಆ ತಪ್ಪು ನನ್ನದು. ಉಳಿದದ್ದು ಯಾರದು, ಬರೆದು ತಿಳಿಸು.

ನೆರಿಡಾ


ಬ್ರನ್ಸ್‌ವಿಕ್, ಮೆಲ್ಬರ್ನ್
೨ ಆಗಸ್ಟ್ ೨೦೧೮

ನನ್ನ ನೆರಿ,

ನಿನ್ನ ಕಾಗದ ಬಂದಾಗ ಅಮ್ಮ ಇಲ್ಲೇ ಇದ್ದಳು. ಅಂಚೆಚೀಟಿ ನೋಡಿದವಳೇ, "ಯಾರೋ ಸತ್ತಿರ್ಬೇಕು ಕಣೇ. ಇಲ್ಲಾಂದ್ರೆ ಈ ಕಾಲದಲ್ಲಿ ಯಾರು ಕಾಗದ ಬರೀತಾರೆ?" ಎಂದು ಮೂರು ಸಲ ಥೂ ಥೂ ಎಂದು ದೃಷ್ಟಿ ತೆಗೆದಳು. ಓದಿದ ಮೇಲೆ ನನಗೂ ಹಾಗೇ ಅನ್ನಿಸಿತು.

ಮೊದಲು ಮಾತ್ರ ನಗು ಬಂತು. ನರ್ಸಮ್ಮ ಒಬ್ಬಳು ನಮ್ಮ ಸಿನಿಮಾ ತೋರಿಸಿ ಪಾಠ ಹೇಳುತ್ತಿದ್ದಾಳೆ! ಆರು ವರ್ಷದ ಹಿಂದೆ ನಾವು ಏನು ತೆಗೆಯುತ್ತೇವೆಂದು ತಿಳಿದರೆ ಈ ಊರಿನಲ್ಲಿ ಒಂದು ಕೋಣೆ ಬಾಡಿಗೆಗೆ ಸಿಗುತ್ತಿರಲಿಲ್ಲ. ಆ ಹಳೆಯ ಹೆಣಿಗೆ ಗಿರಣಿಯ ಮುದುಕ ಕೊಟ್ಟ, ಅದೂ ನಾವು ಯೋಗದ ಸಿನಿಮಾ ತೆಗೆಯುವವರು ಎಂದುಕೊಂಡು. ನೆನಪಿದೆಯೇ?

ಈಗ ನಿನ್ನ ದೂರು. ಹೌದು, ನೀನು ಸಾಕು ಎನ್ನುವ ಮೊದಲು ತೆಗೆದ ಬೆಳಗಿನ ದೃಶ್ಯವನ್ನು ಚಹಾದ ನಂತರ ಇಟ್ಟೆ. ಆ ನಗು ನಿನ್ನದೇ, ಆ ಸಾಕು ನಿನ್ನದೇ, ತಲೆಯಾಡಿಸಿದ್ದೂ ನೀನೇ. ನಾನು ಮಣಿ ಪೋಣಿಸಿದೆ, ಅಷ್ಟೆ. ಹೆಂಗಸೊಬ್ಬಳು ಎದ್ದು ಮನೆಗೆ ಹೋಗುವುದರಲ್ಲಿ ಸಿನಿಮಾ ಮುಗಿದರೆ, ಅಲ್ಲೇನೋ ಅನಾಹುತವಾಯಿತು ಎಂದು ನೋಡುವವರು ತಿಳಿಯುತ್ತಾರೆ. ಆಗಲಿಲ್ಲವಲ್ಲ? ಅವಳು ಸಾಕು ಎಂದಳು, ಎಲ್ಲರೂ ನಿಲ್ಲಿಸಿದರು, ಚಹಾ ಕೊಟ್ಟರು. ಅದನ್ನು ನೋಡಿ ಅತ್ತ ಹುಡುಗಿಯರಿದ್ದಾರೆ. ಬರುವ ಫೆಬ್ರವರಿಯಲ್ಲಿ ಬರ್ಲಿನ್‌ನ ಒಂದು ಚಿತ್ರೋತ್ಸವಕ್ಕೆ 'ನಮ್ಮ ಮಧ್ಯಾಹ್ನ' ಆಯ್ಕೆಯಾಗಿದೆ, ಮಾರಾಯ್ತಿ. ಆರು ವರ್ಷದ ದುಡಿಮೆಗೆ ಸಿಕ್ಕ ಮೊದಲ ಮರ್ಯಾದೆ ಅದು.

ಕ್ಯಾಮೆರಾದ ಬಗ್ಗೆ ಏನೇನೋ ಯೋಚಿಸಿ ತಲೆ ಕೆಡಿಸಿಕೊಳ್ಳಬೇಡ. ಅದು ಸ್ಟ್ಯಾಂಡಿನ ಮೇಲಿತ್ತು, ಗಡಿಬಿಡಿಯಲ್ಲಿ ಆಫ್ ಮಾಡುವುದು ಮರೆತಿರಬೇಕು.

ಒಂದು ಮಾತು ಕೇಳಲೇ, ಬೇಜಾರಾಗಬೇಡ. ಇದನ್ನು ಬರೆಯಲು ನಿನಗೆ ಯಾರಾದರೂ ಹೇಳಿಕೊಟ್ಟರೇ? ಹೊಸ ಊರು, ಹೊಸ ಕೆಲಸ. ಹಳೆಯದನ್ನೆಲ್ಲ ತೊಳೆದುಕೊಳ್ಳುವ ಆಸೆಯಿದ್ದರೆ ಹಾಗೆಂದೇ ಹೇಳು.

ಯಾವಾಗಲೂ ನಿನ್ನವಳೇ,
ಟೂಲಾ


ಸಿಗ್ನೆಟ್
೧೨ ಆಗಸ್ಟ್ ೨೦೧೮

ಟೂಲಾ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕಾಗದವನ್ನು ಇನ್ನೊಮ್ಮೆ ತೆಗೆದು ಓದು. ಕ್ಯಾಮೆರಾದ ಸುದ್ದಿಯನ್ನು ನಾನು ಎತ್ತಿರಲೇ ಇಲ್ಲ.

ಈಗ ಎತ್ತುತ್ತೇನೆ. ನಮ್ಮಲ್ಲಿ ಒಂದು ನಿಯಮವಿತ್ತು, ನೀನೇ ಮಾಡಿದ್ದು. ಯಾರಾದರೂ ಸಾಕು ಎಂದರೆ ಹತ್ತಿರವಿದ್ದವರು ಕೆಟಲ್ ಹಾಕಬೇಕು. ಕೆಟಲ್ ಹಾಕಿದರೆ ಕ್ಯಾಮೆರಾ ಆಫ್. ಚಹಾ ಕುಡಿದು ಮುಗಿಯುವವರೆಗೆ ಕೆಲಸದ ಮಾತಿಲ್ಲ, ಯಾಕೆ ಸಾಕು ಎಂದು ಕೇಳುವಂತಿಲ್ಲ. ಆ ನಿಯಮ ಎಲ್ಲಿಂದ ಬಂತು ಎಂಬುದು ನಮ್ಮಿಬ್ಬರಿಗೇ ಗೊತ್ತು. ಡ್ಯಾಂಡೆನಾಂಗಿನ ಆ ಗೋದಾಮಿನಲ್ಲಿ ನಾನು ನಟಿ, ನೀನು ದೀಪ ಹಿಡಿಯುವವಳು. "ಆಫ್ ಮಾಡಿದೀನಿ, ಅತ್ಕೋ ಬೇಕಾದ್ರೆ" ಎಂದು ಸಿನಿಮಾ ತೆಗೆಯುತ್ತಿದ್ದ ಆ ಧಡಿಯ ಹೇಳಿದ. ನಾನು ಅತ್ತೆ. ಅದೂ ಸಿನಿಮಾದಲ್ಲಿ ಬಂತು. ಆ ದಿನ ನನ್ನ ಕೋಟು ತಂದು ಹೊದಿಸಿದವಳು ನೀನು. "ನಾನೇ ಒಂದಿನ ಸಿನಿಮಾ ತೆಗೀತೀನಿ ನೆರಿ, ಇಂಥದ್ದು ಯಾವತ್ತೂ ಆಗಲ್ಲ" ಎಂದವಳೂ ನೀನು. ಅದಕ್ಕೇ ನಾನು ನಿನ್ನ ಹಿಂದೆ ಬಂದದ್ದು.

ಮರೆತಿರಬೇಕು ಎಂದು ಬರೆದಿದ್ದೀಯ. ಪಾಠ ಅರ್ಥವಾಗಲಿಲ್ಲ ಎಂದು ದಡ್ಡಿಯಂತೆ ನಟಿಸಿ ಬೆವರ್ಲಿಯಿಂದ ಆ ತುಣುಕನ್ನು ಇನ್ನೆರಡು ಸಲ ಹಾಕಿಸಿ ನೋಡಿದೆ. ಚಿತ್ರ ಮೆಲ್ಲಗೆ ನನ್ನ ಮುಖದ ಹತ್ತಿರ ಬರುತ್ತದೆ. ಸ್ಟ್ಯಾಂಡಿನ ಮೇಲೆ ಮರೆತ ಕ್ಯಾಮೆರಾಕ್ಕೆ ಕಾಲು ಬಂತೇ?

ನನ್ನನ್ನು ಯಾರೂ ಎತ್ತಿಕಟ್ಟಿಲ್ಲ. ತೊಳೆದುಕೊಳ್ಳುವಂಥದ್ದು ನನಗೇನೂ ಅಂಟಿಲ್ಲ. ಆ ಬೆಳಗ್ಗೆ ನಾನು ಮಾಡಿದ್ದೆಲ್ಲ ಮನಸ್ಸಿನಿಂದಲೇ ಮಾಡಿದ್ದು. ಹಸಿದವಳು ಉಂಡೆ, ಹೊಟ್ಟೆ ತುಂಬಿತು, ತಟ್ಟೆ ಸರಿಸಿದೆ. ನೀನು ಅದನ್ನು ತಿರುಗಿಸಿ ಇಟ್ಟಿದ್ದೀಯ. ಸಾಕು ಎನ್ನುವ ಹೆಂಗಸಿಗೆ ಸ್ವಲ್ಪ ಹೊತ್ತು ಕೊಟ್ಟರೆ, ಒಂದು ಕಪ್ಪು ಚಹಾ ಕೊಟ್ಟರೆ, ಮತ್ತೆ ಬರುತ್ತಾಳೆ ಎಂಬ ಕಥೆಯಾಗಿದೆ ಅದು. ಇದನ್ನು ಗಂಡಸರು ಅಜ್ಜನ ಕಾಲದಿಂದ ಹೇಳುತ್ತಿದ್ದಾರೆ, ಅದಕ್ಕೆ ನೀನೇಕೆ ಬೇಕಿತ್ತು? ನನ್ನ ಸಾಕು ಕೊನೆಯಲ್ಲಿತ್ತು. ನೀನು ಅದನ್ನು ನಡುವೆ ತಂದು ಇಟ್ಟೆ.

ನೆರಿಡಾ


ಬ್ರನ್ಸ್‌ವಿಕ್
೩ ಸೆಪ್ಟೆಂಬರ್ ೨೦೧೮

ನೆರಿಡಾ,

ಮೂರು ವಾರ ನಿನ್ನ ಕಾಗದ ಚೀಲದಲ್ಲಿ ಹೊತ್ತು ತಿರುಗಿದೆ. ಆ ಧಡಿಯನ ಪಕ್ಕ ನನ್ನನ್ನು ನಿಲ್ಲಿಸಿದ್ದೀಯಲ್ಲ, ಅದು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಮುಖ ಹತ್ತಿರ ಬಂದದ್ದು ಆಮೇಲೆ ಯಂತ್ರದಲ್ಲಿ ಮಾಡಿದ್ದು. ಯಾವ ಕಾಲೂ ಬಂದಿಲ್ಲ. ತಲೆಯಾಡಿಸಿದ ಗುಟ್ಟು ಇಷ್ಟೆ: ಸಕ್ಕರೆ ಹಾಕಲಾ ಎಂದು ನಾನು ಕೇಳಿದೆ, ನೀನು ಹೂಂ ಎಂದೆ. ಎಲ್ಲ ಸಿನಿಮಾಗಳೂ ಹೀಗೇ ಆಗುವುದು. ಬಾಗಿಲ ಕಡೆ ನೋಡಿದವಳ ಪಕ್ಕ ಸಮುದ್ರದ ಚಿತ್ರ ಜೋಡಿಸಿ, ಅವಳು ಸಮುದ್ರ ನೋಡುವಂತೆ ಮಾಡುತ್ತೇವೆ. ಯಾರೂ ಬಾಗಿಲ ಪರವಾಗಿ ಜಗಳಕ್ಕೆ ಬರುವುದಿಲ್ಲ.

ನಿನಗಿಂತ ಹೆಚ್ಚಿನ ಅಧಿಕಾರ ಯಾವ ನಟಿಗೆ ಯಾರು ಕೊಟ್ಟಿದ್ದಾರೆ ಹೇಳು. ಏನು ಮಾಡುವುದು ಏನು ಬೇಡ ಎಂಬ ಪಟ್ಟಿಯನ್ನು ಹಲಗೆಯ ಮೇಲೆ ಬರೆದವಳು ನೀನು, ಅಳಿಸುವ ಹಕ್ಕು ನಿನ್ನದು. ಮುಗಿದ ಸಿನಿಮಾ ನೋಡಿ ಬೇಡ ಎನ್ನುವ ಹಕ್ಕೂ ಇತ್ತು, ನೀನೇ ಬಳಸಲಿಲ್ಲ. ಈಗ ಎರಡು ವರ್ಷವಾಗುತ್ತ ಬಂದ ಮೇಲೆ ನಾನು ಕಳ್ಳಿ.

ಕಾಗದದಲ್ಲಿ ಇದು ಬಗೆಹರಿಯುವುದಿಲ್ಲ. ಡಿಸೆಂಬರ್ ನಾಲ್ಕು ಅಮ್ಮನ ಹೆಸರಿನ ಹಬ್ಬ, ಅವಳ ಹೆಸರಿನ ಸಂತಳ ದಿನ. ಪ್ರೆಸ್ಟನ್‌ನ ಮನೆಗೆ ಬಾ. ಅವಳ ಹಾಲಿನ ಕಡುಬು ತಿನ್ನುತ್ತ ಎದುರೆದುರು ಕೂತು ಮಾತಾಡೋಣ. ಅಲ್ಲಿಯವರೆಗೆ ಸುಮ್ಮನಿರೋಣ.

ಟೂಲಾ


ಸಿಗ್ನೆಟ್
೧೬ ಸೆಪ್ಟೆಂಬರ್ ೨೦೧೮

ಟೂಲಾ,

ಡಿಸೆಂಬರ್ ನಾಲ್ಕು. ಹಬ್ಬ ಅಮ್ಮನದು, ಲೆಕ್ಕಾಚಾರ ಯಾರದು?

ಮೊದಲ ದಿನವೇ ನೀನು ಪ್ರತಿ ನಟಿಗೂ ನಟನಿಗೂ ಒಂದು ಗುಲಾಬಿ ಚೀಟಿ ಕೊಡುತ್ತೀಯ. ಎರಡು ವರ್ಷದೊಳಗೆ ಯಾವಾಗ ಬೇಕಾದರೂ, ಕಾರಣ ಹೇಳದೆ, ಅದನ್ನು ಅಂಚೆಗೆ ಹಾಕಿದರೆ ಸಿನಿಮಾವನ್ನು ಎಲ್ಲ ಕಡೆಯಿಂದ ಹಿಂದಕ್ಕೆ ಪಡೆಯಬೇಕು. ನನ್ನ ಚೀಟಿಯ ಮೇಲಿನ ಕೊನೆಯ ದಿನಾಂಕ ಈ ನವೆಂಬರ್ ಮೂವತ್ತು. ಮೂವತ್ತಕ್ಕೆ ಚೀಟಿ ಸಾಯುತ್ತದೆ, ನಾಲ್ಕಕ್ಕೆ ಕಡುಬು ತಿನ್ನಲು ನಾನು ಬರಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಿಜಕ್ಕೂ ಹಬ್ಬ ಅದೇ ದಿನವೋ ಏನೋ, ನಿನ್ನ ವಾರ್ವರಾ ಅಮ್ಮನ ಮೇಲೆ ನನಗೆ ಸಂಶಯವಿಲ್ಲ. ಆದರೆ ನಿನ್ನಿಂದ ಬರುವ ಸಿಹಿಯನ್ನು ಈಗ ಮೂಸಿ ನೋಡುವಂತಾಗಿದೆ, ಅದಕ್ಕೆ ಅಳು ಬರುತ್ತದೆ.

ಸಿಹಿ ಎಂದಾಗ ನೆನಪಾಯಿತು. ಸುಳ್ಳು ಹೇಳಿದರೂ ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಬೇಕು. ನಾನು ಹತ್ತೊಂಬತ್ತನೇ ವಯಸ್ಸಿನಿಂದ ಚಹಾಕ್ಕೆ ಸಕ್ಕರೆ ಹಾಕಿಕೊಂಡವಳಲ್ಲ. ಅದು ನಿನಗೆ ಗೊತ್ತು. "ಅದೇನು ಕಷಾಯ ಕುಡೀತೀಯೇ" ಎಂದು ಹನ್ನೊಂದು ವರ್ಷ ನನ್ನನ್ನು ಆಡಿಕೊಂಡವಳು ನೀನು.

ಹಾಗಾದರೆ ನಾನು ಹೂಂ ಎಂದದ್ದು ಯಾವುದಕ್ಕೆ?

ನನಗೆ ನೆನಪಿಲ್ಲ, ಟೂಲಾ. ಎಷ್ಟು ಯೋಚಿಸಿದರೂ ಬರುತ್ತಿಲ್ಲ. ನೀನು ನನ್ನನ್ನು ಏನೋ ಕೇಳಿದೆ ಅಥವಾ ನಾನು ನಿನ್ನನ್ನು ಕೇಳಿದೆ. ಜಾರ್ವಿಸ್ ಸಿಗರೇಟಿಗೆಂದು ಹೊರಗೆ ಹೋಗಿದ್ದ. ಇಡೀ ಸಿನಿಮಾದಲ್ಲಿ ಇಲ್ಲದ ಸಂಗೀತ ಸರಿಯಾಗಿ ಅಲ್ಲೇ ಯಾಕೆ ಬರುತ್ತದೆ? ಅದರ ಕೆಳಗೆ ಏನಿದೆ?

ನಿನ್ನ ಸಿನಿಮಾವನ್ನು ಕೊಲ್ಲುವ ಆಸೆ ನನಗಿಲ್ಲ. ಇದ್ದಿದ್ದರೆ ಚೀಟಿ ಜುಲೈಯಲ್ಲೇ ಅಂಚೆಗೆ ಬೀಳುತ್ತಿತ್ತು. ಅದು ಫ್ರಿಜ್ಜಿನ ಬಾಗಿಲ ಮೇಲೆ, ಸೇಬಿನ ಆಕಾರದ ಅಯಸ್ಕಾಂತದ ಕೆಳಗಿದೆ. ಎರಡು ಕೇಳುತ್ತೇನೆ. ನಡೆದದ್ದನ್ನು ನಡೆದ ಕ್ರಮದಲ್ಲಿ ಇಡು. ಚಹಾ ಕುಡಿದ ಆ ನಾಲ್ಕು ನಿಮಿಷದ ಧ್ವನಿಯನ್ನು ನನಗೆ ಕಳಿಸು.

ನೆರಿಡಾ


ಬ್ರನ್ಸ್‌ವಿಕ್
೧ ಅಕ್ಟೋಬರ್ ೨೦೧೮

ನೆರಿ,

ಧ್ವನಿ ಇಲ್ಲ. ಅಳಿಸಿಹೋಗಿದೆ. ಸಕ್ಕರೆಯ ಮಾತು ನನ್ನ ನೆನಪಿನ ತಪ್ಪಿರಬಹುದು, ಹಾಲಿನ ಬಗ್ಗೆ ಕೇಳಿರಬಹುದು.

ಚೀಟಿ ಕಳಿಸುವುದು ನಿನ್ನ ಹಕ್ಕು. ಕಳಿಸಿದರೆ ಬರ್ಲಿನ್ ಇಲ್ಲ, ಮುಂದಿನ ಸಿನಿಮಾ ಇಲ್ಲ. ಜಾರ್ವಿಸ್‌ಗೂ ಇದೊಂದೇ ಕೆಲಸ ಹೆಮ್ಮೆಯಿಂದ ತಾಯಿಗೆ ಹೇಳಿಕೊಳ್ಳುವಂಥದ್ದು. ಇದನ್ನು ಒತ್ತಡ ಹಾಕಲು ಬರೆಯುತ್ತಿಲ್ಲ.

ಟೂಲಾ


ಸಿಗ್ನೆಟ್
೮ ನವೆಂಬರ್ ೨೦೧೮

ಟೂಲಾ,

ಒತ್ತಡ ಹಾಕಲು ಬರೆಯುತ್ತಿಲ್ಲ ಎಂದು ಬರೆಯುವವರು ಒತ್ತಡ ಹಾಕುವವರೇ. ಇರಲಿ.

ಮಂಗಳವಾರ, ಒಬ್ಬರ ಮನೆಗೆ ಹೋಗಿ ಆರೈಕೆ ಮಾಡುವ ನನ್ನ ಮೊದಲ ಕೆಲಸ. ಈನಿಡ್ ಎಂಬ ಮುದುಕಿ, ಎಂಬತ್ತೆರಡು ವರ್ಷ. ಪಾರ್ಶ್ವವಾಯು ಬಡಿದು ಮಾತು ಹೋಗಿದೆ, ಹೂಂ ಊಹೂಂ ಎಲ್ಲ ತಲೆಯಲ್ಲೇ. ಟವಲು ತೋರಿಸಿ, "ಈನಿಡ್, ಸ್ನಾನ ಮಾಡ್ಸ್ಲಾ?" ಎಂದೆ. ಜೋರಾಗಿ ತಲೆಯಾಡಿಸಿದರು. ನಾನು ಅವರ ಅಂಗಿಯ ಗುಂಡಿ ಬಿಚ್ಚಲು ಕೈ ಹಾಕಿದ ಮೇಲೆ ನೋಡುತ್ತೇನೆ, ಅವರ ಕಣ್ಣು ನನ್ನ ಮೇಲಿಲ್ಲ. ರೇಡಿಯೋದಲ್ಲಿ ಕುದುರೆ ಓಟ. ಅವರು ತಲೆಯಾಡಿಸುತ್ತಿದ್ದದ್ದು ಕುದುರೆಗೆ.

ಕೈ ತೆಗೆದು ಕೂತುಕೊಂಡೆ. ಓಟ ಮುಗಿಯಿತು, ಅವರ ಕುದುರೆ ಸೋತಿತು. ಮತ್ತೆ ಕೇಳಿದೆ. ನನ್ನ ಮುಖ ನೋಡಿ ಊಹೂಂ ಎಂದರು. ಆ ದಿನ ಸ್ನಾನವಿಲ್ಲ. ಹೊರಗೆ ಬಂದು ಕಾರಿನಲ್ಲಿ ಕೂತು ಯೋಚಿಸಿದೆ. ಇನ್ನೊಂದು ಕ್ಷಣ ತಡವಾಗಿದ್ದರೆ ನಾನೂ ಅವರ ಹೂಂ ಕದ್ದವಳಾಗುತ್ತಿದ್ದೆ, ಒಳ್ಳೆಯ ಮನಸ್ಸಿನಿಂದಲೇ.

ನೀನು ಕೆಟ್ಟವಳೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ಸಾವಿರಾರು ಜನ ನಾನು ಹೂಂ ಎಂದದ್ದನ್ನು ನೋಡಿದ್ದಾರೆ. ಯಾವುದಕ್ಕೆ ಎಂದು ನನಗೊಬ್ಬಳಿಗೇ ಗೊತ್ತಿಲ್ಲ. ಗೊತ್ತಿರುವವಳು ನೀನೊಬ್ಬಳೇ. ಧ್ವನಿ ಅಳಿಸಿಹೋಗಿದೆ ಎಂಬುದನ್ನು ನಾನು ನಂಬುವುದಿಲ್ಲ. ನಿನ್ನಮ್ಮನ ಹಳೆಯ ಹೊಲಿಗೆ ಯಂತ್ರದ ಮುರಿದ ಸೂಜಿಯನ್ನೂ ಎಸೆಯದವಳು ನೀನು.

ಇದೇ ನನ್ನ ಕೊನೆಯ ಕೇಳಿಕೆ.

ನೆರಿಡಾ


ಪ್ರೆಸ್ಟನ್
೨೬ ನವೆಂಬರ್ ೨೦೧೮

ನೆರಿ,

ಅಮ್ಮನ ಗ್ಯಾರೇಜಿನಿಂದ ಬರೆಯುತ್ತಿದ್ದೇನೆ. ಹಳೆಯ ಡ್ರೈವುಗಳೆಲ್ಲ ಇಲ್ಲಿ ಆಲಿವ್ ಎಣ್ಣೆಯ ಡಬ್ಬದಲ್ಲಿವೆ. ಧ್ವನಿ ಇದೆ. ಯಾವಾಗಲೂ ಇತ್ತು. ಅದರಲ್ಲಿ ಏನಿದೆ ಎಂದು ನನಗೆ ಆವತ್ತಿನಿಂದಲೂ ಗೊತ್ತು. ಸೆಲ್ಲೋ ಹಾಕಿದ್ದು ಅದಕ್ಕೇ. ನೀನು ಮೂರು ಕರೆಗೂ ನೋಡಲು ಬಾರದಿದ್ದಾಗ ನನಗೆ ಎಷ್ಟು ಸಮಾಧಾನವಾಯಿತೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತೇನೆ. ಕೆಟಲ್ ಕುದಿದು ಟಕ್ ಎಂದು ಆಫ್ ಆಗುತ್ತದೆ. ನೀರು ಸುರಿಯುವ ಸದ್ದು. ಆಮೇಲೆ ನೀನು.

"ಸಾರಿ ಕಣೇ."

"ಸಾರಿ ಯಾಕೆ? ಕುಡಿ ಮೊದ್ಲು. ಬಿಸಿ ಇದೆ, ನೋಡ್ಕೋ."

"ಸಾಕಾಯ್ತು ನಂಗೆ. ಇನ್ನೇನಿಲ್ಲ."

"ಕಾರಣ ಕೇಳಲ್ಲ. ನಿಯಮ."

ಹೊರಗೆ ಟ್ರ್ಯಾಮಿನ ಗಂಟೆ.

"ಟೂಲಾ, ಅದು ಆಫ್ ಆಗಿದೆ ತಾನೇ?"

"ಆಫ್ ಆಗಿದೆ ಕಣೇ."

ಆಗ ನೀನು ತಲೆಯಾಡಿಸಿದೆ.

ಅದು ಸ್ಟ್ಯಾಂಡಿನ ಮೇಲಿರಲಿಲ್ಲ. ನನ್ನ ಮಡಿಲಲ್ಲಿತ್ತು, ಮೇಲೆ ನಿನ್ನ ಶಾಲು, ಲೆನ್ಸು ಮಾತ್ರ ಹೊರಗೆ. ನಿನ್ನ ಮುಖದ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು. ಇಡೀ ದಿನದಲ್ಲಿ ಯಾರಿಗೂ ತೋರಿಸಿಕೊಳ್ಳದ ಮುಖ ಅದೊಂದೇ. ಆನ್ ಇದೆ ಎಂದರೆ ನೀನು ಮುಖ ಸರಿಪಡಿಸಿಕೊಳ್ಳುತ್ತೀಯ ಎಂದು ಗೊತ್ತಿತ್ತು. ಹೆಣ್ಣಿನ ನಿಜವಾದ ಮುಖ ಹಿಡಿಯಬೇಕೆಂದು ಹಾಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಧಡಿಯನೂ ಅದನ್ನೇ ಹೇಳುತ್ತಿದ್ದ, ನೆರಿ. ಮಾತು ಕೂಡ ಅವನದೇ.

ಧ್ವನಿಯೂ ಚಿತ್ರವೂ ಇರುವ ಯುಎಸ್‌ಬಿ ಕಡ್ಡಿಯನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಕೊನೆಯಲ್ಲಿ ನೀನು ಮಗ್ಗು ಕೆಳಗಿಟ್ಟು, ಕೋಟು ಹಾಕಿಕೊಂಡು ಹೋಗುವುದೂ ಇದೆ. ನನ್ನ ಹತ್ತಿರ ಇನ್ನೊಂದು ಪ್ರತಿ ಇಟ್ಟುಕೊಂಡಿಲ್ಲ. ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ, ಗುರುವಾರದೊಳಗೆ ಸಿಗುತ್ತದೆ. ಶುಕ್ರವಾರ ಮೂವತ್ತು. ನಿಮ್ಮೂರ ಅಂಚೆ ಕಚೇರಿ ಮುಚ್ಚುವ ಮೊದಲು ನಿನಗೆ ಇಡೀ ಒಂದು ದಿನ ಇರುತ್ತದೆ.

ಕ್ಷಮಿಸು ಎಂದು ಬರೆದು ಹೊಡೆದು ಹಾಕಿದೆ. ಅದಕ್ಕೂ ನೀನು ಹೂಂ ಎನ್ನಬೇಕಾಗುತ್ತದಲ್ಲ.

ಟೂಲಾ


ಸಿಗ್ನೆಟ್
೩೦ ನವೆಂಬರ್ ೨೦೧೮

ಟೂಲಾ,

ನಿನ್ನ ಲಕೋಟೆ ನಿನ್ನೆ ಬಂತು. ಬೇಕರಿಯ ಹಿಂದಿನ ಹಿಟ್ಟಿನ ಕೋಣೆಯಲ್ಲಿ ಮೂಟೆಯ ಮೇಲೆ ಕೂತು ಕೇಳಿದೆ. ಅತ್ತೆ. ನಿನ್ನ ಸುಳ್ಳಿಗೆ ಅಳಲಿಲ್ಲ, ಅದನ್ನು ಎಲ್ಲೋ ಒಳಗೆ ನಿರೀಕ್ಷಿಸಿದ್ದೆ. ನನ್ನ ದನಿ ಕೇಳಿ ಅತ್ತೆ. ಎಷ್ಟು ನಂಬಿಕೆಯಿಂದ ಕೇಳಿದ್ದೇನೆ, ನೀನು ಆಫ್ ಎಂದ ಮೇಲೆ ಎಷ್ಟು ಹಗುರವಾಗಿ ಉಸಿರು ಬಿಟ್ಟಿದ್ದೇನೆ.

ಗುಲಾಬಿ ಚೀಟಿ ಈ ಕಾಗದದ ಜೊತೆಗಿದೆ. 'ನಮ್ಮ ಮಧ್ಯಾಹ್ನ' ಇಂದಿಗೆ ಹಿಂದಕ್ಕೆ. ಬೆವರ್ಲಿಗೆ ನಡೆದದ್ದನ್ನು ನಾನೇ ಹೇಳಿದೆ, ಪರದೆಯ ಮೇಲಿದ್ದವಳು ನಾನೆಂದೂ ಹೇಳಿದೆ. ಅವಳು ನನ್ನ ಕೂದಲನ್ನೇ ನೋಡಿದಳು. ಆಮೇಲೆ, "ಅಯ್ಯೋ ಮಗಳೇ, ಇಪ್ಪತ್ತು ಕ್ಲಾಸಿಗೆ ತೋರ್ಸಿದೀನಲ್ಲೇ" ಎಂದು ಕುರ್ಚಿ ಎಳೆದು ಕೂತಳು. ಅವಳಿಗೆ ಚಹಾ ಮಾಡಿಕೊಟ್ಟೆ.

ಇನ್ನೊಂದು ಮಾತು. ಕಡ್ಡಿಯನ್ನೂ ವಾಪಸು ಇಟ್ಟಿದ್ದೇನೆ. ಬೇಕಿದ್ದರೆ ಬೇರೆ ಸಿನಿಮಾ ಮಾಡು. ಮೊದಲು ಬೆಳಗಿನ ನಗು. ಆಮೇಲೆ ಸಾಕು. ಆಮೇಲೆ ಕೆಟಲ್, ಸೆಲ್ಲೋ ಇಲ್ಲದೆ, ನನ್ನ ಪ್ರಶ್ನೆಯೂ ನಿನ್ನ ಉತ್ತರವೂ ಸರಿಯಾಗಿ ಕೇಳುವಂತೆ. ಕೊನೆಗೆ ನನ್ನ ಕೋಟು. ನೋಡುವವರಿಗೆ ಅನಾಹುತವಾಯಿತು ಎನ್ನಿಸಿದರೆ ಅನ್ನಿಸಲಿ, ಆಗಿದೆಯಲ್ಲ. ಆ ಸಿನಿಮಾಕ್ಕೆ ನನ್ನ ಒಪ್ಪಿಗೆಯಿದೆ. ಅದರಲ್ಲಿ ಈ ಸಲ ನೀನೂ ಇರುತ್ತೀಯ, ಮುಚ್ಚಿಕೊಳ್ಳಲು ಶಾಲಿಲ್ಲದೆ.

ನಿನ್ನ ಆ ದನಿಯನ್ನು ಜನ ಕೇಳುವುದು ನಿನಗೆ ಒಪ್ಪಿಗೆಯೇ? ಅವಸರವಿಲ್ಲ. ಕೆಟಲ್ ಹಾಕು, ಚಹಾ ಕುಡಿ. ಬೇಡ ಎಂದರೆ ನಾನು ಕಾರಣ ಕೇಳುವುದಿಲ್ಲ.

ವಾರ್ವರಾ ಅಮ್ಮನಿಗೆ ಹಬ್ಬದ ಶುಭಾಶಯ ಹೇಳು. ನಾನು ಬರುವುದಿಲ್ಲ.

ಹೂಂ ಎಂದಾದರೆ ನಿನ್ನ ಕೈಯಾರೆ ಬರೆದು ಕಳಿಸು. ತಲೆಯಾಡಿಸಿದರೆ ಸಾಲದು.

ನೆರಿಡಾ